ವಿಕಿರಣ ಔಷಧ + ಲೋಮಸ್ಟಿನ್: 28 ದಿನ ಯಾಕೆ ಸಾಲದು?

ಹೊಸ ಔಷಧಕ್ಕೆ ಸುರಕ್ಷಿತ ಡೋಸ್ ಹುಡುಕುವ ಪ್ರಯೋಗಗಳಲ್ಲಿ ಪ್ರತಿ ಡೋಸ್ ಆದ ಮೇಲೆ ತೊಂದರೆ ಕಾಣುತ್ತದೆಯೇ ಎಂದು ಸಾಮಾನ್ಯವಾಗಿ 28 ದಿನ ಕಾದು ನೋಡುತ್ತಾರೆ. ಈ ಜೋಡಿಗೆ ಅಷ್ಟು ಸಾಲದು. ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಗಡ್ಡೆಗೆ ಮೊದಲ ಸುತ್ತಿನ ಚಿಕಿತ್ಸೆ ಹೀಗಿದೆ: ಸರ್ಜರಿ, 30 ಕಂತಿನಲ್ಲಿ 60 ಗ್ರೇ (ವಿಕಿರಣದ ಅಳತೆ) ರೇಡಿಯೇಷನ್, ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ. ಗಡ್ಡೆ ಮತ್ತೆ ಬಂದರೆ ಹೊರಗಿನಿಂದ ಇನ್ನೊಮ್ಮೆ ಅಷ್ಟೇ ರೇಡಿಯೇಷನ್ ಕೊಟ್ಟರೆ ಸುತ್ತಲಿನ ಮೆದುಳು ತಡೆಯುವುದಿಲ್ಲ.

ಅದಕ್ಕೇ ವಿಕಿರಣವನ್ನು ರಕ್ತದ ಮೂಲಕ ಕಳಿಸುವ ಪ್ರಯತ್ನ. ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲಕ್ಕೆ ವಿಕಿರಣ ಸೂಸುವ ಅಯೋಡಿನ್-131 ಅಂಟಿಸುತ್ತಾರೆ. ಎಲ್‌ಎಟಿ1 ಎಂಬ ಸಾಗಣೆ ಪ್ರೋಟೀನ್ ಅದನ್ನು ಮೆದುಳಿನೊಳಕ್ಕೆ ದಾಟಿಸುತ್ತದೆ. ಗಡ್ಡೆಯಲ್ಲಿ ಈ ಬಾಗಿಲು ಜಾಸ್ತಿ. ಅಯೋಡಿನ್ ಸೂಸುವ ಬೀಟಾ ಕಣ ಓಡುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್, ಹಾಗಾಗಿ ಪೆಟ್ಟು ಗಡ್ಡೆಯ ಆಸುಪಾಸಿಗಷ್ಟೇ. ಜೊತೆಗೆ ಲೋಮಸ್ಟಿನ್, 6 ವಾರಕ್ಕೊಮ್ಮೆ ನುಂಗುವ ಕೀಮೋ ಕ್ಯಾಪ್ಸೂಲ್.

ಈಗ ನನ್ನ ತಲೆ ಕೆಡಿಸಿದ ಜಾಗ. ಎರಡೂ ಔಷಧ ರಕ್ತಕಣ ತಯಾರಾಗುವ ಮೂಳೆಮಜ್ಜೆಗೆ ಪೆಟ್ಟು ಕೊಡಬಲ್ಲವು, ಸರಿ. ಆದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬದುಕುವುದು 8–10 ದಿನ. ಹಾಗಾದರೆ ಲೋಮಸ್ಟಿನ್ ನುಂಗಿದ ಹತ್ತನೇ ದಿನವೇ ಎಣಿಕೆ ಕುಸಿಯಬೇಕಲ್ವಾ? ಕುಸಿಯುವುದು ಸುಮಾರು 4ನೇ ವಾರದಲ್ಲಿ, ಬಿಳಿ ರಕ್ತಕಣ ಇನ್ನೂ ತಡ, 5–6ನೇ ವಾರ. ಎರಡು ದಿನ ಇದಕ್ಕೇ ಹೋಯಿತು.

ಭತ್ತದ ಗದ್ದೆ ನೆನೆಸಿಕೊಂಡ ಮೇಲೆ ಹೊಳೆಯಿತು. ಲೋಮಸ್ಟಿನ್ ಹೊಡೆಯುವುದು ಸಸಿಮಡಿಗೆ, ಅಂದರೆ ತೀರಾ ಎಳೆಯ ಮೂಲಕೋಶಗಳಿಗೆ. ಆಗಲೇ ನಾಟಿ ಆದ ಪೈರು ಬೆಳೆಯುತ್ತಲೇ ಇರುತ್ತದೆ, ಕೊಯ್ಲು ನಡೆಯುತ್ತದೆ, ಕಣಜವೂ ತುಂಬಿದಂತೆ ಕಾಣುತ್ತದೆ. ಕೊರತೆ ಗೊತ್ತಾಗುವುದು ಮುಂದಿನ ನಾಟಿಗೆ ಸಸಿ ಇಲ್ಲದಾಗ.

ಇದನ್ನು 3+3 ಪದ್ಧತಿಗೆ, ಅಂದರೆ ಡೋಸ್ ಹಂತ ಹಂತವಾಗಿ ಏರಿಸಿ ನೋಡುವ ಕ್ರಮಕ್ಕೆ, ಹಾಕಿ ನೋಡಿ. ಮೂವರಿಗೆ ಒಂದು ಡೋಸ್. ಯಾರಿಗೂ ತೀವ್ರ ತೊಂದರೆ ಇಲ್ಲವೇ, ಡೋಸ್ ಏರಿಸು. ಒಬ್ಬರಿಗೆ ಆಯಿತೇ, ಅದೇ ಡೋಸ್‌ಗೆ ಇನ್ನೂ ಮೂವರು. ಇಬ್ಬರಿಗೆ ಆದರೆ ಏರಿಸುವುದು ನಿಲ್ಲಿಸು. ಸುಮ್ನೆ ಒಂದು ಊಹೆ: 28ನೇ ದಿನ ಪ್ಲೇಟ್‌ಲೆಟ್ 90 ಸಾವಿರ. ‘ಪರವಾಗಿಲ್ಲ’ ಅಂತ ಬರೆದು ಮುಂದಿನ ಮೂವರಿಗೆ ಡೋಸ್ ಏರಿಸಿದ್ದೂ ಆಯಿತು. 35ನೇ ದಿನ ಮೊದಲಿನವರ ಎಣಿಕೆ 20 ಸಾವಿರ! ಹಾಗಾಗಿ ಈ ಜೋಡಿಗೆ ಕನಿಷ್ಠ 42 ದಿನ ಕಾದು ನೋಡಬೇಕು.

ಅಷ್ಟರಲ್ಲಿ ಅಯೋಡಿನ್ ಇರುತ್ತದೆಯೇ? ನನ್ನ ಅಡ್ಡದಾರಿ: ಅಯೋಡಿನ್-131 ಅರ್ಧಕ್ಕಿಳಿಯಲು ಸುಮಾರು 8 ದಿನ, ಅದೇ ಅದರ ಅರ್ಧಾಯುಷ್ಯ. 42 ಭಾಗಿಸು 8, ಐದು ಅರ್ಧಾಯುಷ್ಯ ದಾಟಿತು. 32ರಲ್ಲಿ ಒಂದು ಪಾಲೂ ಉಳಿದಿಲ್ಲ. ದೇಹ ಹೊರಹಾಕಿದ್ದು ಬೇರೆ. ಔಷಧ ಮುಗಿದಿದೆ, ಸಸಿಮಡಿ ಮಾತ್ರ ಇನ್ನೂ ಚಿಗುರುತ್ತಿದೆ.