ಅರ್ಧ ಸುಟ್ಟರೂ ಹಳೇ ಸೇತುವೆಯೇ: ಲೂಸರ್ನ್‌ನ ಕಪೆಲ್‌ಬ್ರೂಕೆ ಉಳಿದ ಬಗೆ

ಯುರೋಪ್ ಪ್ಯಾಕೇಜ್ ಟೂರ್ ಮುಗಿಸಿ ಬಂದವರ ಮೊಬೈಲಿನಲ್ಲಿ ಈ ಫೋಟೊ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನದಿಯ ಮೇಲೆ ಹೆಂಚು ಹೊದ್ದ ಉದ್ದನೆಯ ಮರದ ಸೇತುವೆ, ಬದಿಗೆಲ್ಲ ಹೂವು, ಪಕ್ಕದಲ್ಲಿ ನೀರೊಳಗಿಂದಲೇ ಎದ್ದು ನಿಂತ ಎಂಟು ಮೂಲೆಯ ಕಲ್ಲಿನ ಗೋಪುರ. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಕಪೆಲ್‌ಬ್ರೂಕೆ ಇದು. ಪಕ್ಕದ ಚಾಪೆಲ್‌ನಿಂದ, ಅಂದರೆ ಪುಟ್ಟ ಚರ್ಚಿನಿಂದ, ಬಂದ ಹೆಸರು. 14ನೇ ಶತಮಾನದ್ದು ಎನ್ನುತ್ತಾರೆ, ಸುಳ್ಳಲ್ಲ. ಆದರೆ ನೀವು ಕಾಲಿಟ್ಟ ಹಲಗೆಗೆ ಅಷ್ಟು ವಯಸ್ಸಾಗಿಲ್ಲ.

ಬರೀ ನದಿ ದಾಟುವುದಕ್ಕಾಗಿ ಇದನ್ನು ಕಟ್ಟಿದ್ದಲ್ಲ. ರಾಯಿಸ್ ನದಿ ಸರೋವರದಿಂದ ಹೊರಬೀಳುವ ಜಾಗ ಅದು. ಸರೋವರದ ಕಡೆಯಿಂದ ದೋಣಿಯಲ್ಲಿ ಶತ್ರು ನುಗ್ಗಿದರೆ ತಡೆಯಬೇಕಲ್ವಾ? ಹಾಗಾಗಿ ಇದು ಊರಿನ ಕೋಟೆಯ ಒಂದು ಭಾಗ. ಗೋಪುರ ಸೇತುವೆಗಿಂತಲೂ ಹಳೆಯದು. ಖಜಾನೆ, ಜೈಲು, ಚಿತ್ರಹಿಂಸೆಯ ಕೋಣೆ, ದಾಖಲೆ ಇಡುವ ಜಾಗ ಎಲ್ಲವೂ ಆಗಿತ್ತು. ಸೇತುವೆ ಆ ಗೋಪುರದತ್ತ ಬಾಗಿಕೊಂಡು ಹೋಗುತ್ತದೆ, ನೆಟ್ಟಗಿಲ್ಲ.

ಸೇತುವೆಗೆ ಮಾಡು (ಚಾವಣಿ) ಯಾಕೆ ಬೇಕು? ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಳೆಗೆ ನೆನೆದ ಕಾಲುಸಂಕ ಎಷ್ಟು ವರ್ಷ ಬಾಳುತ್ತದೆ ಅಂತ ಅವರಿಗೆ ಗೊತ್ತು. ಮರ ಮೊದಲು ಕೊಳೆಯುವುದು ನೀರು ನಿಲ್ಲುವ ಸಂದುಗಳಲ್ಲಿ. ತಲೆ ಮೇಲೊಂದು ಮಾಡು ಇದ್ದರೆ ತೊಲೆ, ಕೀಲು ಎಲ್ಲ ಒಣಗಿರುತ್ತವೆ. (ನಮ್ಮ ಮಂಗಳೂರು ಹೆಂಚಿಗೂ ಆ ದೇಶದ ನಂಟಿದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದ್ದೇ.)

ಈ ಸೇತುವೆಯ ನಿಜವಾದ ಆಸ್ತಿ ಮಾಡಿನ ಅಡಿಯಲ್ಲಿದೆ. ಎರಡು ಇಳಿಜಾರು ಸೇರುವಲ್ಲಿ ಉಳಿಯುವ ಮೂರು ಮೂಲೆಯ ಜಾಗಕ್ಕೆ ಸರಿಯಾಗಿ ಹಲಗೆ ಕೊಯ್ದು, 17ನೇ ಶತಮಾನದಲ್ಲಿ ಹಾನ್ಸ್ ಹೈನ್ರಿಶ್ ವೇಗ್ಮನ್ ಎಂಬ ಕಲಾವಿದ ಚಿತ್ರ ಬರೆದ. ಊರಿನ ಚರಿತ್ರೆ, ಸಂತರ ಕಥೆ, ಕೆಳಗೆ ಜರ್ಮನ್ ಪದ್ಯ. ತಲೆಯೆತ್ತಿ ನಡೆದರೆ ಪುಸ್ತಕ ಓದಿದ ಹಾಗೆ. ಒಂದರಲ್ಲಿ ಬುಡಸಮೇತ ಕಿತ್ತ ಮರ ಹಿಡಿದು ನಿಂತ ದೈತ್ಯನಿದ್ದಾನೆ. 1577ರಲ್ಲಿ ಹತ್ತಿರದ ರೈಡನ್ ಎಂಬಲ್ಲಿ ಮರದ ಬುಡದಲ್ಲಿ ದೊಡ್ಡ ಮೂಳೆಗಳು ಸಿಕ್ಕಿದ್ದವು. ಬಾಸೆಲ್‌ನ ವೈದ್ಯ ಫೀಲಿಕ್ಸ್ ಪ್ಲಾಟರ್ ಪರೀಕ್ಷೆ ಮಾಡಿ, ದೈತ್ಯ ಮನುಷ್ಯನದ್ದೇ ಎಂದ. ಊರಿನವರು ಅವನನ್ನು ಹೆಮ್ಮೆಯಿಂದ ಸೇತುವೆ ಮೇಲೆ ಕೂರಿಸಿದರು. ಆಮೇಲೆ ನೋಡಿದರೆ ಅದು ಮ್ಯಾಮತ್ ಆನೆಯ ಮೂಳೆ!

19ನೇ ಶತಮಾನದ ಲೂಸರ್ನ್‌ಗೆ ಮರದ ಸೇತುವೆಗಳ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ದಡ ತುಂಬಿಸಿ ರಸ್ತೆ ಮಾಡುವಾಗ ಕಪೆಲ್‌ಬ್ರೂಕೆಯ ಉದ್ದವನ್ನೇ ಕಡಿದರು. ಈಗ ಉಳಿದಿರುವುದು ಸುಮಾರು 205 ಮೀಟರ್. ಇದಕ್ಕಿಂತಲೂ ಉದ್ದವಿದ್ದ ಹೋಫ್‌ಬ್ರೂಕೆಯನ್ನು ಪೂರ್ತಿ ಕಿತ್ತೇ ಹಾಕಿದರು. ಬೆಂಕಿಗೆ ಬೈಯುವ ಮೊದಲು ಇದನ್ನೂ ನೆನೆಯಬೇಕು ಅನಿಸುತ್ತದೆ. ಕೆಳಗಿನ ಸ್ಪ್ರಾಯರ್‌ಬ್ರೂಕೆ ಮಾತ್ರ ಹೇಗೋ ಬಚಾವಾಯಿತು. ಅಲ್ಲಿ ಸಾವು ಎಲ್ಲರನ್ನೂ ಕೈ ಹಿಡಿದು ಕುಣಿಸುವ ಚಿತ್ರಗಳಿವೆ.

1993ರ ಆಗಸ್ಟ್ 17ರ ರಾತ್ರಿ ಕಪೆಲ್‌ಬ್ರೂಕೆಗೆ ಬೆಂಕಿ ಬಿತ್ತು. ಅಡಿಯಲ್ಲಿ ಕಟ್ಟಿದ್ದ ದೋಣಿಯೊಂದರಲ್ಲಿ ಹತ್ತಿಕೊಂಡಿತು ಎನ್ನುತ್ತಾರೆ. ಸಿಗರೇಟಿನ ತುಂಡು ಅಂತ ಮಾತಿದೆ, ಖಚಿತವಾಗಿ ಸಾಬೀತಾಗಲಿಲ್ಲ. ಶತಮಾನಗಳಿಂದ ಮಳೆ ಕಾಣದೆ ಒಣಗಿದ್ದ ಮರ. ಕೊಳೆಯದಂತೆ ಕಾಪಾಡಿದ ಮಾಡೇ ಸೌದೆಯನ್ನೂ ಒಣಗಿಸಿಟ್ಟಿತ್ತು. ಬೆಳಗಾಗುವಷ್ಟರಲ್ಲಿ ಸೇತುವೆಯ ನಡುಭಾಗ ಕರಕಲು. ಎರಡು ತುದಿ ಮತ್ತು ಗೋಪುರ ಉಳಿದವು. ಚಿತ್ರಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋದವು.

ಊರಿನವರು ಜಾಸ್ತಿ ಯೋಚನೆ ಮಾಡಲಿಲ್ಲ. ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ಮರದಲ್ಲೇ ಮತ್ತೆ ಕಟ್ಟಿದರು. 1994ರ ಏಪ್ರಿಲ್ 14ಕ್ಕೆ ಸೇತುವೆ ಮತ್ತೆ ತೆರೆಯಿತು. ಎಂಟು ತಿಂಗಳು, ಅಷ್ಟೇ.

ಮರದ ಕೆಲಸ ಗೊತ್ತಿದ್ದವರಿಗೆ ಇದರಲ್ಲಿ ವಿಚಿತ್ರವೇನಿಲ್ಲ. ಇಂಥ ಸೇತುವೆಯಲ್ಲಿ ಹಲಗೆ ಸವೆದರೆ ಹಲಗೆ, ಕಂಬ ಕೊಳೆತರೆ ಕಂಬ, ಹೀಗೆ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಲೇ ಬರುತ್ತದೆ. ಬಡಗಿ ಬೇರೆ ತೊಲೆ ಕೊಯ್ದು ಕೂರಿಸಬಲ್ಲ. ಚಿತ್ರದ ವಿಷಯ ಹಾಗಲ್ಲ. ನಕಲು ಮಾಡಿ ತೂಗುಹಾಕಬೇಕೋ, ಖಾಲಿ ಬಿಡಬೇಕೋ ಎಂದು ಲೂಸರ್ನ್‌ನಲ್ಲಿ ವರ್ಷಗಟ್ಟಲೆ ಚರ್ಚೆ ನಡೆಯಿತು. ನನ್ನ ಓಟು ಖಾಲಿ ಬಿಡುವುದಕ್ಕೇ. ಒಂದು ತುದಿಯಿಂದ ತಲೆಯೆತ್ತಿ ನಡೆದು ಬಂದರೆ ಚಿತ್ರ, ಚಿತ್ರ, ಇನ್ನೊಂದು ಚಿತ್ರ. ಆಮೇಲೆ ನಡುವೆ ಬರೀ ತೊಲೆ, ರೀಪು, ಮೂರು ಮೂಲೆಯ ಖಾಲಿ ಜಾಗ.