ಫೈಟೊಅಲೆಕ್ಸಿನ್: ಮೊದಲೇ ಇದ್ದರೆ ಅದಕ್ಕೆ ಬೇರೆ ಹೆಸರು

"ಬೇವಿನೆಣ್ಣೆಯ ಫೈಟೊಅಲೆಕ್ಸಿನ್ ಸಿಂಪಡಿಸಿ, ಟೊಮೆಟೊಗೆ ಶಿಲೀಂಧ್ರ ರೋಗ ಬರಲ್ಲ." ಈ ಮಾತನ್ನು ಈ ತಿಂಗಳಲ್ಲೇ ಮೂರನೇ ಸಲ ಓದಿದೆ. ಬೇವಿನೆಣ್ಣೆ ಕೆಲಸಕ್ಕೆ ಬಾರದ್ದು ಅಂತಲ್ಲ. ಆದರೆ ಅದು ಫೈಟೊಅಲೆಕ್ಸಿನ್ ಅಲ್ಲ. ಫೈಟೊಅಲೆಕ್ಸಿನ್ ಅಂದರೆ ರೋಗಾಣು ದಾಳಿ ಮಾಡಿದ ಮೇಲೆ ಗಿಡ ತಾನೇ ಹೊಸದಾಗಿ ತಯಾರಿಸುವ, ಅದನ್ನು ತಡೆಯುವ ವಸ್ತು. ಗಿಡದಿಂದ ಬಂದ, ರೋಗ ತಡೆಯುವ ಎಲ್ಲದಕ್ಕೂ ಈ ಹೆಸರು ಅಂಟಿಸಿದರೆ ಪದ ಇದ್ದೂ ಇಲ್ಲದ ಹಾಗೆ.

ಗ್ರೀಕಿನಲ್ಲಿ 'ಫೈಟಾನ್' ಅಂದರೆ ಗಿಡ, 'ಅಲೆಕ್ಸೀನ್' ಅಂದರೆ ತಡೆದು ಕಾಯುವುದು. ಅಲೆಕ್ಸಾಂಡರ್ ಹೆಸರಿನಲ್ಲಿರುವುದೂ ಇದೇ ಬೇರು: ಜನರನ್ನು ಕಾಯುವವನು. ಆಲೂಗಡ್ಡೆಗೆ ಅಂಗಮಾರಿ ತರುವ ರೋಗಾಣು ಫೈಟಾಫ್ತೊರದ ಹೆಸರಲ್ಲೂ ಅದೇ ಫೈಟಾನ್ ಇದೆ. 'ಫ್ತೊರ' ಅಂದರೆ ನಾಶ. ಒಂದು, ಗಿಡವನ್ನು ಕೆಡಿಸುವುದು; ಇನ್ನೊಂದು, ಗಿಡವನ್ನು ಕಾಯುವುದು. ಎರಡೂ ಎದುರಾದ ಕಡೆಯೇ ನಮ್ಮ ಪದ ಹುಟ್ಟಿತು. ಜರ್ಮನಿಯ ವಿಜ್ಞಾನಿಗಳಾದ ಮುಲ್ಲರ್ ಮತ್ತು ಬೋರ್ಗರ್ ಆಲೂಗಡ್ಡೆ ಬಿಲ್ಲೆಗಳ ಮೇಲೆ, ಆ ತಳಿಗೆ ರೋಗ ತರಲಾರದ ಫೈಟಾಫ್ತೊರ ಬಗೆಯನ್ನು ಮೊದಲು ಹಚ್ಚಿದರು. ಆಮೇಲೆ ಅದೇ ಜಾಗಕ್ಕೆ ರೋಗ ತರುವ ಬಗೆಯನ್ನು ಹಚ್ಚಿದರು. ಅದು ಅಲ್ಲಿ ಬೆಳೆಯಲಿಲ್ಲ. ಮೊದಲನೆಯದು ತಾಗದ ಜಾಗದಲ್ಲಿ ಬೆಳೆಯಿತು. ಅಂದರೆ ದಾಳಿ ಆದ ಮೇಲೆ, ಆದ ಕಡೆಯಲ್ಲೇ ಗೆಡ್ಡೆ ಏನನ್ನೋ ತಯಾರಿಸಿತ್ತು. ಅದಕ್ಕೆ 1940ರಲ್ಲಿ ಇಟ್ಟ ಹೆಸರು ಇದು. 'ದಾಳಿ ಆದ ಮೇಲೆ' ಅನ್ನುವುದನ್ನು ಬಿಟ್ಟರೆ ಪದದಲ್ಲಿ ಏನೂ ಉಳಿಯಲ್ಲ.

ಇಂಥ ವಸ್ತು ಶುದ್ಧವಾಗಿ ಕೈಗೆ ಸಿಕ್ಕಿದ್ದು 1960ರಲ್ಲಿ, ಆಸ್ಟ್ರೇಲಿಯಾದಲ್ಲಿ. ಬಟಾಣಿ ಕಾಯಿ ಸೀಳಿ, ಒಳಮೈ ಮೇಲೆ ಶಿಲೀಂಧ್ರದ ಬೀಜಕಗಳಿದ್ದ ಹನಿ ಬಿಟ್ಟರು. ಕಾಯಿ ಆ ಹನಿಯೊಳಕ್ಕೇ ಪೈಸಾಟಿನ್ ಬಿಟ್ಟಿತು. ಮೆಣಸಿನಕಾಯಿ ಗಿಡದ ಫೈಟೊಅಲೆಕ್ಸಿನ್ ಕ್ಯಾಪ್ಸಿಡಿಯಾಲ್. ಖಾರದ ಕ್ಯಾಪ್ಸೈಸಿನ್ ಬೇರೆ, ಅದನ್ನು ಇಲ್ಲಿ ಎಳೆದು ತರಬೇಡಿ.

ಹಾಗಾದರೆ ಮೊದಲೇ ಇರುವುದಕ್ಕೆ ಏನನ್ನಬೇಕು? ಫೈಟೊಆಂಟಿಸಿಪಿನ್. 1994ರಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದರು. ಟೊಮೆಟೊ ಗಿಡದ ಟೊಮ್ಯಾಟಿನ್ ಈ ಕಡೆಯದು. ಕೆಂಪು ಈರುಳ್ಳಿಯ ಒಣ ಸಿಪ್ಪೆಯಲ್ಲಿರುವ ಕ್ಯಾಟೆಕಾಲ್ ಕೂಡ. ಸಿಪ್ಪೆ ಮೇಲೆ ಕಪ್ಪು ಕಲೆ ತರುವ ಒಂದು ಶಿಲೀಂಧ್ರ ಬಿಳಿ ಈರುಳ್ಳಿಗೆ ಜಾಸ್ತಿ ತಗಲುವುದು ಅದಿಲ್ಲದ್ದರಿಂದಲೇ.

ಜಾಸ್ತಿ ಜನ ಎಡವುವುದು ಬೆಳ್ಳುಳ್ಳಿಯಲ್ಲಿ. "ಜಜ್ಜಿದ ಮೇಲೆ ತಾನೇ ಅಲಿಸಿನ್ ಆಗೋದು? ಹಾಗಾದ್ರೆ ಅದು ಫೈಟೊಅಲೆಕ್ಸಿನ್ ಅಲ್ವಾ?" ಅಲ್ಲ. ಒಂದು ಎಸಳನ್ನು ಇಡಿಯಾಗಿ ಮೂಗಿಗೆ ಹಿಡಿದು ನೋಡಿ, ವಾಸನೆ ಅಷ್ಟಾಗಿ ಇರಲ್ಲ. ಒಳಗೆ ಅಲೀನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಸಿದ್ಧವಾಗಿ ಕೂತಿರುತ್ತವೆ. ಜಜ್ಜಿದಾಗ ನಡುವಿನ ಗೋಡೆ ಒಡೆದು ಎರಡೂ ಕಲೆಯುತ್ತವೆ, ಘಾಟು ಏಳುತ್ತದೆ. ಸಾಮಾನು ಮೊದಲೇ ಮನೆಯಲ್ಲಿತ್ತು, ಆದ್ದರಿಂದ ಇದೂ ಫೈಟೊಆಂಟಿಸಿಪಿನ್. ಫೈಟೊಅಲೆಕ್ಸಿನ್‌ಗೆ ಗಿಡ ಒಲೆ ಹಚ್ಚುವುದರಿಂದ ಶುರು ಮಾಡಬೇಕು: ಜೀನ್‌ಗಳು ಎಚ್ಚರಾಗಬೇಕು, ಕಿಣ್ವಗಳು ತಯಾರಾಗಬೇಕು, ಆಮೇಲೆ ಆ ವಸ್ತು.

ಈಗ ಮೊದಲು ಹೇಳಿದ ಸಿಂಪಡಿಸುವ ಬಾಟಲಿಗೆ ಬರೋಣ. ಬೇವಿನ ಬೀಜದ ಅಜಾಡಿರಾಕ್ಟಿನ್ ಮೊದಲೇ ಇರುವಂಥದ್ದು, ಹೆಸರು ಮಾಡಿರುವುದೂ ಹುಳ ತಡೆಯುವುದಕ್ಕೆ. ಬಾಟಲಿಯಲ್ಲಿ ಕೈಟೊಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ತೆಗೆಯುವ ವಸ್ತು) ಇದ್ದರೆ ಮಾತು ಬೇರೆ. ಅದನ್ನು ಬಟಾಣಿ ಕಾಯಿಗೆ ತಾಗಿಸಿದರೆ ಕಾಯಿ ಪೈಸಾಟಿನ್ ತಯಾರಿಸುತ್ತದೆ. ಆಗ ಕೈಟೊಸಾನನ್ನು 'ಪ್ರಚೋದಕ' ಅನ್ನಿ. ಫೈಟೊಅಲೆಕ್ಸಿನ್ ಆಗಲೂ ಕಾಯಿಯಲ್ಲಿ ಆದದ್ದು.