ಪ್ಲ್ಯಾನ್ ಮಾಡಿ ಬರೆಯಬೇಕಾ, ಸುಮ್ನೆ ಶುರು ಮಾಡಬೇಕಾ?

ಕಾದಂಬರಿ, ಧಾರಾವಾಹಿಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಹೊಸದಾಗಿ ಬರೆಯುವವರು ಸಿಕ್ಕಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ತಿರುಗಿ ಕೇಳುವುದು ಇಷ್ಟೇ: ಬರೆದದ್ದನ್ನು ಹಿಂದೆ ಹೋಗಿ ತಿದ್ದೋಕೆ ನಿಮಗೆ ಅವಕಾಶ ಇದೆಯಾ?

ಇದ್ದರೆ ಸುಮ್ನೆ ಶುರು ಮಾಡಿ. ಎಂಟು ಪುಟದ ಸಣ್ಣಕಥೆಗೆ ನಕ್ಷೆ ಹಾಕುತ್ತಾ ಕೂರುವುದಕ್ಕಿಂತ ಬರೆದು ನೋಡುವುದೇ ಬೇಗ. ಸರಿಬರದಿದ್ದರೆ ಎಸೆದರಾಯಿತು. ಅಚ್ಚಿಗೆ ಹೋಗುವವರೆಗೆ ಕಾದಂಬರಿಗೂ ಇದೇ ಮಾತು. ಮೂರನೇ ಅಧ್ಯಾಯದಲ್ಲಿ ತೀರಿಕೊಂಡ ಅಜ್ಜಿ ಹನ್ನೊಂದರಲ್ಲಿ ಹೋಳಿಗೆ ತಟ್ಟುತ್ತಿರುತ್ತಾಳೆ (ಇಂಥದ್ದು ನನ್ನ ಮೇಜಿಗೆ ಬರುತ್ತಲೇ ಇರುತ್ತದೆ). ಒಂದೋ ಅಜ್ಜಿಯನ್ನು ಬದುಕಿಸಿ, ಇಲ್ಲವೇ ಹೋಳಿಗೆ ಕೆಲಸ ಸೊಸೆಗೆ ಒಪ್ಪಿಸಿ. ಓದುಗರಿಗೆ ಗೊತ್ತೇ ಆಗುವುದಿಲ್ಲ.

ವಾರಪತ್ರಿಕೆ ಧಾರಾವಾಹಿಗೆ, ಟಿವಿ ಸೀರಿಯಲ್‌ಗೆ ಆ ಸವಲತ್ತಿಲ್ಲ. ಅಜ್ಜಿ ಸತ್ತದ್ದನ್ನು ಊರೆಲ್ಲ ನೋಡಿ ಆಗಿದೆ. ಸೀರಿಯಲ್‌ನವರು ಒನ್‌ಲೈನ್ (ಕಥೆಯ ಚುಟುಕು ರೂಪ), ಸೀನ್ ಆರ್ಡರ್ (ದೃಶ್ಯಗಳ ಕ್ರಮ) ಎಲ್ಲ ಮುಗಿದ ಮೇಲಷ್ಟೇ ಡೈಲಾಗ್‌ಗೆ ಕೈ ಹಾಕುವುದು ಇದಕ್ಕೇ.

ಚಾರ್ಲ್ಸ್ ಡಿಕನ್ಸ್ ಕಾದಂಬರಿಗಳೂ ಕಂತುಕಂತಾಗಿಯೇ ಬಂದವು. 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಶುರುವಾದಾಗ ಅವನ ಬಳಿ ಯೋಜನೆ ಅಂತ ಹೆಚ್ಚೇನೂ ಇರಲಿಲ್ಲ. ತಿಂಗಳಿಗೊಂದು ಕಂತು ಬರೆಯುತ್ತಾ ಹೋದ, ಗೆದ್ದ. 1843ರಲ್ಲಿ ‘ಮಾರ್ಟಿನ್ ಚಜಲ್‌ವಿಟ್’ ಕಂತುಗಳು ಎಣಿಸಿದಷ್ಟು ಮಾರಾಟವಾಗದಾಗ ನಾಯಕನಿಗೆ ಅಮೆರಿಕದ ಹಡಗು ಹತ್ತಿಸಿಬಿಟ್ಟ. 1846ರಲ್ಲಿ ‘ಡಾಂಬಿ ಆ್ಯಂಡ್ ಸನ್’ ಶುರುವಾಗುವ ಹೊತ್ತಿಗೆ ರೀತಿಯೇ ಬೇರೆ. ಪ್ರತಿ ಕಂತಿಗೂ ಒಂದು ಹಾಳೆ. ಅದರ ಬಲಭಾಗದಲ್ಲಿ ಅಧ್ಯಾಯಗಳು, ಅವುಗಳಲ್ಲಿ ಬರಬೇಕಾದ ಸಂಗತಿಗಳು. ಎಡಭಾಗದಲ್ಲಿ ಟಿಪ್ಪಣಿ, ಜೊತೆಗೆ ತನಗೆ ತಾನೇ ಹಾಕಿಕೊಂಡ ಪ್ರಶ್ನೆಗಳು. ಈ ಪಾತ್ರ ಈ ಕಂತಿನಲ್ಲಿ ಬರಬೇಕಾ? ಪಕ್ಕದಲ್ಲೇ ಉತ್ತರ: ಹೌದು, ಇಲ್ಲ, ಈಗಲೇ ಬೇಡ. ನನಗೆ ಆ ಎಡಭಾಗವೇ ಇಷ್ಟ. ಕೈಯಲ್ಲಿ ಪೂರ್ತಿ ಪ್ಲ್ಯಾನ್ ಇದ್ದೂ ಅನುಮಾನಕ್ಕೆ ಅರ್ಧ ಹಾಳೆ ಬಿಟ್ಟುಕೊಂಡಿದ್ದ ನೋಡಿ!

ಹಾಗೆ ಜಾಗ ಬಿಡದವರ ಹಸ್ತಪ್ರತಿ ಕೂಡಲೇ ಗೊತ್ತಾಗುತ್ತದೆ. ಐದನೇ ಅಧ್ಯಾಯದಲ್ಲಿ ಅಣ್ಣ ಆಸ್ತಿ ಪಾಲು ಕೇಳಬೇಕು ಅಂತ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಆದರೆ ನಾಲ್ಕು ಅಧ್ಯಾಯ ಮುಗಿಯುವಷ್ಟರಲ್ಲಿ ಅಣ್ಣ ತೀರಾ ಮೆತ್ತಗಿನ ಮನುಷ್ಯ ಆಗಿಬಿಟ್ಟಿದ್ದಾನೆ. ತಮ್ಮನ ಕಾಲೇಜು ಫೀಸಿಗೆ ಎಮ್ಮೆ ಮಾರಿದ್ದಾನೆ. ಅಂಥವನು ಒಂದು ಬೆಳಿಗ್ಗೆ ಎದ್ದು ‘ನನ್ನ ಭಾಗ ಕೊಡಿ’ ಅಂದರೆ ಯಾರು ನಂಬ್ತಾರೆ? ಪಾಲು ಆಗಲೇಬೇಕಿದ್ದರೆ ಆಗಲಿ. ಕೇಳುವವರು ಬೇರೆ ಯಾರಾದರೂ ಇರಬಹುದಲ್ವಾ? ಹಬ್ಬಕ್ಕೆ ಬಂದ ಅತ್ತಿಗೆಯ ಅಣ್ಣ ಊಟದ ಮಧ್ಯೆ ಮಾತು ತೆಗೆಯಲಿ. ಅಣ್ಣ ತಲೆ ಎತ್ತದೆ ಅನ್ನ ಕಲಸುತ್ತಾ ಕೂತಿರಲಿ. ಪ್ಲ್ಯಾನ್ ಉಳಿಯಿತು, ಅಣ್ಣನೂ ಕೆಡಲಿಲ್ಲ.

ಧಾರಾವಾಹಿ ಬರೆಯುವವರಿಗೆ ನಾನು ಹೇಳುವ ತಯಾರಿ ಜಾಸ್ತಿಯೇನಿಲ್ಲ. ಕಥೆ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿರಲಿ, ದಾರಿ ಆಮೇಲೆ ನೋಡಿಕೊಳ್ಳಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಪಾತ್ರದ ವಯಸ್ಸು, ಯಾರು ಯಾರಿಗೆ ಏನಾಗಬೇಕು, ಯಾವ ಗುಟ್ಟು ಯಾರಿಗೆ ಯಾವ ಕಂತಿನಲ್ಲಿ ಗೊತ್ತಾಯಿತು, ಎಲ್ಲ ಬರೆದಿಡಿ. ಗುಟ್ಟಿನ ಕಾಲಮ್ಮನ್ನು ಮಾತ್ರ ಹೆಚ್ಚಿನವರು ಖಾಲಿ ಬಿಡುತ್ತಾರೆ. ಆಮೇಲೆ ಎಂಟನೇ ಕಂತಿನಲ್ಲೇ ತಿಳಿದ ಸುದ್ದಿಗೆ ನಾಯಕಿ ಇಪ್ಪತ್ತರಲ್ಲಿ ಮತ್ತೆ ಬೆಚ್ಚಿಬೀಳುತ್ತಾಳೆ. ಓದುಗರ ಕಾಗದಗಳಿಗೆ ಉತ್ತರ ಬರೆಯುವ ಕೆಲಸ ನಮಗೆ.